ಕೂಡಿ ಕಟ್ಟಿದ ಮಣೂಕದ ಶೆಡ್, ಪಾಳಿಯ ಜಗಳ: ಅನುಭವ ಇದ್ದವರು ತಿಳಿಸಿ

ತಿಕೋಟಾ, ದ್ರಾಕ್ಷಿ ಬೆಳೆಗಾರ:
ಐದು ಜನ ಪಟ್ಟಿ ಹಾಕಿ ಮಣೂಕ (ಒಣದ್ರಾಕ್ಷಿ) ಒಣಗಿಸುವ ಶೆಡ್ ಕಟ್ಟಿದ್ದೇವೆ. ಕಳೆದ ಮಾರ್ಚ್‌ನಲ್ಲಿ ಮೋಡ ಕಂಡೊಡನೆ ಒಬ್ಬರು ಪಾಳಿ ಮೀರಿ ತಮ್ಮ ಹಣ್ಣನ್ನು ರ‍್ಯಾಕ್‌ಗೆ ಏರಿಸಿದರು. ಒಮ್ಮೆ ಏರಿಸಿದರೆ ಎರಡು ವಾರ ಜಾಗ ಖಾಲಿಯಾಗುವುದಿಲ್ಲ. ನಿಜವಾದ ಪಾಳಿಯವರ ಹಣ್ಣು ಮಳೆಗೆ ಗಿಡದಲ್ಲೇ ಸೀಳಿತು. ಅಂದಿನಿಂದ ಇಬ್ಬರಿಗೂ ಮಾತಿಲ್ಲ, ನನಗೆ ಇಬ್ಬರೂ ಬೇಕಾದವರು. ಮುಂದಿನ ಕಟಾವಿನೊಳಗೆ ಇವರನ್ನು ಕೂಡಿಸುವುದು ಹೇಗೆ? ಶೆಡ್ಡಿನ ಬೀಗದ ಕೈ ಯಾರ ಬಳಿ ಇರಬೇಕು?

ಜಮಖಂಡಿ, ಕಬ್ಬು:
ನಾವು ಏಳು ಜನ ಕೂಡಿ ಕೃಷ್ಣಾ ನದಿಯಿಂದ ಪೈಪ್‌ಲೈನ್ ತಂದವರು. ತಲಾ 2,35,000 ರೂಪಾಯಿ. ನನ್ನ ಹೊಲ ಕೊನೆಯದು. ಮೇಲಿನವರು ವಾಲ್ವ್ ತಿರುವಿದರೆ ನನ್ನ ಕಬ್ಬಿಗೆ ಬೆರಳು ಗಾತ್ರದ ನೀರು. ಕೇಳಿದ್ದಕ್ಕೆ ಬೆಳಗಿನ ಜಾವ ಎದ್ದು ಬಾ ಎಂದರು. ಎದ್ದು ಹೋದೆ, ವಾಲ್ವ್‌ಗೆ ಬೀಗ ಜಡಿದಿತ್ತು. ಎರಡು ವರ್ಷ ಮಾತು ಬಿಟ್ಟೆ. ವಕೀಲರಿಗೆ 38,000 ರೂಪಾಯಿ ಸುರಿದೆ. ಎಕರೆಗೆ ಹನ್ನೆರಡು ಟನ್ ಇಳುವರಿ ಕಡಿಮೆಯಾಯಿತು, ಅದರ ಲೆಕ್ಕ ಇಂದಿಗೂ ಡೈರಿಯಲ್ಲಿದೆ.

2019ರ ಆಗಸ್ಟ್‌ನಲ್ಲಿ ನದಿ ಏರುತ್ತಿದೆ ಎಂದು ಡಂಗುರ ಸಾರಿದರು. ಮೋಟರನ್ನು ದಡಕ್ಕೆ ಎಳೆಯಲು ಏಳೂ ಜನರ ಹೆಗಲು ಬೇಕಿತ್ತು. ಬಂದವರು ಮೂವರು. ನಾನಿದ್ದೇನೆ ಎಂಬ ಒಂದೇ ಕಾರಣಕ್ಕೆ ಉಳಿದವರು ಬರಲಿಲ್ಲ. ಮೋಟರ್ ಮುಳುಗಿತು. ರಿವೈಂಡಿಂಗ್‌ಗೆ 18,500, ಸ್ಟಾರ್ಟರ್ 9,000, ಕೇಬಲ್ ಬೇರೆ.

ನೀರಿಳಿದ ಮೇಲೆ ಕೆಸರಿನಲ್ಲಿ ನಿಂತು ಏಳೂ ಜನ ಲೆಕ್ಕ ಹಾಕಿದೆವು. ಅಂದೇ ಪಂಪ್‌ಮನೆಯ ಮೊಳೆಗೆ ತಂತಿಯಿಂದ ಒಂದು ನೋಟ್‌ಬುಕ್ ಕಟ್ಟಿದೆವು. ವಾಲ್ವ್ ತೆರೆದವರ ಹೆಸರು, ಗಂಟೆ. ಮುಚ್ಚುವಾಗ ಮುಂದಿನ ಪಾಳಿಯವರ ಸಹಿ. ಕರೆಂಟ್ ಹೋದ ಹೊತ್ತು ಪಾಳಿಯಲ್ಲಿ ಸೇರದು ಎಂದು ಮೊದಲ ಪುಟದಲ್ಲೇ ಇದೆ. ಅರ್ಧ ಜಗಳ ಅದರದ್ದೇ ಆಗಿತ್ತು. ಪುಟಗಳು ಗ್ರೀಸ್ ಮೆತ್ತಿ ಕಪ್ಪಾಗಿವೆ, ಆದರೆ ಆಮೇಲೆ ಒಂದು ದಿನವೂ ಪಾಳಿ ತಪ್ಪಿಲ್ಲ. ಬರೆದಿಡಿ. ಬಾಯಿಮಾತು ನಂಬಬೇಡಿ.

ಇಳಕಲ್, ನೇಕಾರ ಮಹಿಳೆ:
ಪುಸ್ತಕದ ಮೇಲೆ ಇಷ್ಟು ಭರವಸೆ ಬೇಡ. ನಮ್ಮದು ಹದಿನಾಲ್ಕು ಹೆಂಗಸರ ಸ್ವಸಹಾಯ ಗುಂಪು. ಸಭೆ, ಉಳಿತಾಯ, ಒಳಸಾಲ, ಮರುಪಾವತಿ, ಲೆಕ್ಕಪುಸ್ತಕ, ಪಂಚಸೂತ್ರದಲ್ಲಿ ಒಂದನ್ನೂ ತಪ್ಪಿಸಿದವರಲ್ಲ. ಒಬ್ಬಾಕೆಯ ಆರು ಕಂತು ಬಾಕಿ ಉಳಿಯಿತು. ತುಂಬಿದ ಸಭೆಯಲ್ಲಿ ಹೆಸರು ಹಿಡಿದು ಗಟ್ಟಿಯಾಗಿ ಓದಿದವಳು ನಾನು. ಆಕೆಯ ಅತ್ತೆ ಆಸ್ಪತ್ರೆಯಲ್ಲಿದ್ದರು, ಬಾಕಿ ಏಕೆ ಎಂದು ಯಾರೂ ಕೇಳಿರಲಿಲ್ಲ. ಆಕೆ ಪಾಸ್‌ಬುಕ್ಕನ್ನು ಚಾಪೆಯ ಮೇಲಿಟ್ಟು, ಚಪ್ಪಲಿ ಕೈಯಲ್ಲೇ ಹಿಡಿದು ಹೊರಟುಹೋದಳು.

ಸೀರೆಯ ಸೆರಗಿನ ಹಾಸುನೂಲನ್ನು ಒಡಲಿನ ಹಾಸುನೂಲಿಗೆ ಎಳೆ ಎಳೆಯಾಗಿ ಕೊಂಡಿ ಹಾಕುವ ಕೈ ಆಕೆಯದು. ಬೇರೆಯವರು ಹಾಕಿದರೆ ಎಳೆ ಸಡಿಲ. ಮೂರು ಮಗ್ಗ 22 ದಿನ ನಿಂತವು. ಕೊನೆಗೆ ನಾನೇ ಆಕೆಯ ಮನೆಗೆ ಹೋದೆ. ಒಂದು ಗಂಟೆ ಆಕೆ ಬೈದಳು, ನಾನು ಕೇಳಿಸಿಕೊಂಡೆ. ನನ್ನ ಕಡೆಯ ಕಾರಣ ಒಂದನ್ನೂ ಹೇಳದೆ ತಪ್ಪಾಯಿತು ಎಂದೆ. ಈಗ ಬಾಕಿ ಯಾರದ್ದೇ ಇರಲಿ, ಸಭೆಗೆ ತರುವ ಮುಂಚೆ ಇಬ್ಬರು ಅವರ ಮನೆಗೆ ಹೋಗಿ ಬರುತ್ತಾರೆ. ಆಕೆ ಮರಳಿ ಬಂದಿದ್ದಾಳೆ, ಆದರೆ ನನ್ನ ಪಕ್ಕ ಕೂರುವುದಿಲ್ಲ.

ಬೆಳಗಾವಿ, ನಿವೃತ್ತ ಸೊಸೈಟಿ ಕಾರ್ಯದರ್ಶಿ:
1959ರ ಸಹಕಾರ ಸಂಘಗಳ ಕಾಯ್ದೆಯ 70ನೇ ಕಲಂ ಇರುವುದೇ ಇದಕ್ಕೆ. ಸದಸ್ಯರ ವ್ಯಾಜ್ಯ ನಿಬಂಧಕರ (ರಿಜಿಸ್ಟ್ರಾರ್) ಮುಂದೆ ಹೋಗುತ್ತದೆ. ಜಮಖಂಡಿಯವರು ವಕೀಲರಿಗೆ ಹಣ ಸುರಿದದ್ದು ತಿಳಿವಳಿಕೆ ಇಲ್ಲದೆ.

ಜಮಖಂಡಿ, ಕಬ್ಬು:
ನಮ್ಮದು ನೋಂದಾಯಿತ ಸಂಘವೇ ಅಲ್ಲ, ಹೊಲಗಾರರ ಕೂಟ. ಯಾವ ಕಲಂ ನಮಗೆ ತಾಗುತ್ತದೆ? ಮೋಟರ್ ಮುಳುಗುವಾಗ ನಿಬಂಧಕರು ಹೆಗಲು ಕೊಡುತ್ತಾರೆಯೇ? ಮತ್ತು ಇಳಕಲ್‌ನ ತಾಯಿ, ತಪ್ಪು ಪುಸ್ತಕದ್ದಲ್ಲ, ಓದಿದ ರೀತಿಯದು.

ಇಳಕಲ್, ನೇಕಾರ ಮಹಿಳೆ:
ಅದನ್ನೇ ನಾನೂ ಬರೆದದ್ದು. ನಿಮ್ಮ ನೋಟ್‌ಬುಕ್‌ನಲ್ಲಿ ಸಹಿ ಇದೆ. ಬೀಗ ಜಡಿದವರ ಮನೆಯಲ್ಲಿ ಒಂದು ಲೋಟ ನೀರು ಕುಡಿದಿದ್ದೀರಾ?

ಜಮಖಂಡಿ, ಕಬ್ಬು:
ಅದು ನನ್ನ ಮನೆಯ ವಿಷಯ.

ಬಬಲೇಶ್ವರ, ಮಣೂಕ:
ಎಲ್ಲರೂ ಪಾಳಿ ಹಿಡಿದು ಕೂತಿದ್ದೀರಿ, ಒಣಗಿಸುವ ಮುಂಚೆ ಹಣ್ಣು ಅದ್ದುವ ತೊಟ್ಟಿಯ ವಿಷಯ ಯಾರೂ ಎತ್ತಿಲ್ಲ. ಲೀಟರ್ ನೀರಿಗೆ 25 ಗ್ರಾಂ ಪೊಟ್ಯಾಸಿಯಂ ಕಾರ್ಬೊನೇಟ್, 15 ಮಿಲಿ ಡಿಪ್ಪಿಂಗ್ ಆಯಿಲ್. ಮೊದಲು ಅದ್ದಿದವರಿಗೆ ಹೊಸ ದ್ರಾವಣ, ಕೊನೆಯವರಿಗೆ ಕೊಳೆ ನೀರು. ನಾಲ್ಕು ಕಿಲೋ ಹಣ್ಣು ಒಣಗಿಸಿದರೆ ಒಂದು ಕಿಲೋ ಮಣೂಕ, ಅದೂ ಕಂದು ಬಣ್ಣಕ್ಕೆ ತಿರುಗಿದರೆ ದರ ಬೀಳುತ್ತದೆ. ನಮ್ಮ ಪಾಲುದಾರಿಕೆ ಮುರಿದದ್ದು ಅಲ್ಲಿ. ಈಗ ಶೆಡ್ ಒಂದೇ, ದ್ರಾವಣ ಅವರವರದು.

ಅಥಣಿ, ದ್ರಾಕ್ಷಿ:
ಬಣ್ಣ ಕೆಡುವುದು ಕಲಕದೆ ಅದ್ದುವುದರಿಂದ. ಎಣ್ಣೆ ಮೇಲೆ ತೇಲುತ್ತಿರುತ್ತದೆ. ಅದಕ್ಕೆ ಪಾಲುದಾರರನ್ನು ಏಕೆ ದೂರುತ್ತೀರಿ?

ಬಬಲೇಶ್ವರ, ಮಣೂಕ:
ಹನ್ನೊಂದು ವರ್ಷ ಅದ್ದಿದ್ದೇನೆ. ಕಲಕುವುದನ್ನು ನನಗೆ ಕಲಿಸಬೇಡಿ.

ತಿಕೋಟಾ, ದ್ರಾಕ್ಷಿ ಬೆಳೆಗಾರ:
ನಮ್ಮಲ್ಲಿ ದ್ರಾವಣದ ತಕರಾರಿಲ್ಲ. ಹಾನಿ ಎಷ್ಟಾಯಿತೆಂದು ಹಣ್ಣು ಕಳೆದುಕೊಂಡವರನ್ನು ನಾವು ನಾಲ್ವರೂ ಇದುವರೆಗೆ ಕೇಳಿಲ್ಲ. ಇಳಕಲ್‌ನವರ ಮಾತು ಓದಿದ ಮೇಲೆ ಅದು ಹೊಳೆಯಿತು. ನಾಳೆ ಸಂಜೆ ಒಬ್ಬನೇ ಅವರ ಮನೆಗೆ ಹೋಗುತ್ತೇನೆ. ಬೀಗದ ಕೈ ಯಾರ ಬಳಿ ಇರಬೇಕು ಎಂಬುದಕ್ಕೆ ಮಾತ್ರ ಯಾರೂ ಉತ್ತರಿಸಿಲ್ಲ. ಈಗ ಅದು ಪಾಳಿ ಮೀರಿದವರ ಬಳಿಯೇ ಇದೆ.