ಜಿಐ ಕಸದ ಡಬ್ಬಿಗೆ ಹೊಡೆದ ಪೇಂಟ್ ಒಂದೇ ಮಳೆಗಾಲಕ್ಕೆ ಸುಲಿದು ಬಂತು, ಯಾಕೆ?

ಮಲ್ಪೆ_ಮನೆ:
ನಮ್ಮ ಮನೆಯಿಂದ ಸಮುದ್ರಕ್ಕೆ ಐದು ನಿಮಿಷದ ದಾರಿ. ಗೇಟಿನ ಹೊರಗೆ ಎರಡು ಡಬ್ಬಿ ಇಟ್ಟಿದ್ದೇನೆ. ಒಂದು ಗುಜರಿಯಿಂದ ತಂದ 200 ಲೀಟರ್ ಡ್ರಮ್ಮು, ಅರ್ಧಕ್ಕೆ ಕತ್ತರಿಸಿದ್ದು. ಇನ್ನೊಂದು ಅಂಗಡಿಯ ಹೊಸ ಜಿಐ ಡಬ್ಬಿ, ಮುಚ್ಚಳ ಸಮೇತ. ಮೇ ತಿಂಗಳಲ್ಲಿ ಎರಡಕ್ಕೂ ಒಂದೇ ರೆಡ್ ಆಕ್ಸೈಡ್ ಪ್ರೈಮರ್, ಅದರ ಮೇಲೆ ಒಂದೇ ಹಸಿರು ಎನಾಮಲ್ ಹೊಡೆದೆ. ಗುಜರಿ ಡ್ರಮ್ಮು ಗಟ್ಟಿಯಾಗಿ ನಿಂತಿದೆ. ದುಡ್ಡು ಕೊಟ್ಟು ತಂದದ್ದರ ಪೇಂಟ್ ಹಪ್ಪಳದ ಹಾಗೆ ಎದ್ದು ಬಂತು! ತಳದಲ್ಲಿ ತುಕ್ಕು ಬೇರೆ. ಬಂಗುಡೆ ತಲೆ, ಸಿಗಡಿ ಸಿಪ್ಪೆ ಬೀಳುವುದು ಆ ಜಿಐ ಡಬ್ಬಿಗೇ. ವಾಸನೆಗೆ ದಿನಾ ಒಂದು ಮುಷ್ಟಿ ಬ್ಲೀಚಿಂಗ್ ಪೌಡರ್ ಹಾಕುತ್ತೇನೆ.

ತಗಡು_ಕೆಲಸ:
ಆ ಬ್ಲೀಚಿಂಗ್ ಪೌಡರೇ ತಳ ತಿಂದದ್ದು ಮಾರಾಯ್ರೆ. ಮೀನಿನ ನೀರಿನ ಉಪ್ಪೂ ಸೇರಿದರೆ ಕೇಳಬೇಕಾ? ಅದರ ಬದಲು ತಳಕ್ಕೆ ಹಳೇ ಪೇಪರ್ ಹಾಸಿ, ಮೀನಿನ ಕಸ ಕಟ್ಟಿ ಹಾಕಿ.

ಜಿಐ ಅಂದರೆ ಕಬ್ಬಿಣದ ಮೇಲೆ ಸತುವಿನ ಲೇಪ. ಎಣ್ಣೆ ಪೇಂಟ್ ಸತುವಿನ ಜೊತೆ ಸೇರಿ ಸಾಬೂನಿನ ಥರ ಆಗುತ್ತದೆ, ಹಿಡಿತ ಬಿಡುತ್ತದೆ. ರೆಡ್ ಆಕ್ಸೈಡ್ ಲೇಪವಿಲ್ಲದ ಕಬ್ಬಿಣಕ್ಕೆ ಸರಿ, ನಿಮ್ಮ ಡ್ರಮ್ಮಿನಲ್ಲಿ ಪೇಂಟ್ ನಿಂತದ್ದು ಅದರಿಂದಲೇ. ಜಿಐಗೆ ಎಚ್ (etch) ಪ್ರೈಮರ್, ಅಂದರೆ ಸತುವನ್ನು ಕಚ್ಚಿ ಹಿಡಿಯುವ ಮೊದಲ ಕೋಟು, ಕೇಳಿ ತನ್ನಿ. ಸಡಿಲಾದ ಪೇಂಟ್ ಪೂರ್ತಿ ತೆಗೆಯಿರಿ. ತುಕ್ಕು ಇರುವಲ್ಲಿ ಮಾತ್ರ ತಂತಿ ಬ್ರಶ್, ಉಳಿದ ಕಡೆ ಎಮರಿ ಪೇಪರಿನಲ್ಲಿ ಮೆಲ್ಲಗೆ. ಜಾಸ್ತಿ ಉಜ್ಜಿದರೆ ಸತುವೇ ಹೋಗುತ್ತದೆ. ತಳದಲ್ಲಿ ನಾಲ್ಕು ತೂತು ಕೊರೆಸಿ, ತೂತಿನ ಅಂಚಿಗೂ ಪೇಂಟ್ ಮುಟ್ಟಿಸಿ. ಇಟ್ಟಿಗೆ ಮೇಲೆ ಕೂರಿಸಿ.

ಊರು_ಬಿಟ್ಟವ:
ಇಷ್ಟೆಲ್ಲ ಯಾಕೆ? ಸುಮ್ನೆ ಪ್ಲಾಸ್ಟಿಕ್ ಡಬ್ಬಿ ತಗೊಳ್ಳಿ.

ಮಲ್ಪೆ_ಮನೆ:
ತಗೊಂಡಿದ್ದೆ. ಹೆಗ್ಗಣ ಒಂದೇ ವಾರದಲ್ಲಿ ಮೂಲೆ ಕಡಿದು ಹಾಕಿತು. ಅಮ್ಮ ಹುಣಸೆಹುಳಿ ಹಾಕಿ ಉಜ್ಜು ಅನ್ನುತ್ತಾರೆ, ಆಗಬಹುದಾ?

ತಗಡು_ಕೆಲಸ:
ಡ್ರಮ್ಮಿನ ತುಕ್ಕಿಗೆ ಆದೀತು. ಜಿಐಗೆ ಬೇಡ, ಹುಳಿ ಸತುವನ್ನೂ ಬಿಡುವುದಿಲ್ಲ. ಅದರಲ್ಲೂ ಬ್ಲೀಚಿಂಗ್ ಪೌಡರ್ ಉಳಿದಿರುವ ಡಬ್ಬಿಗೆ ಹುಳಿ ಹಾಕಲೇಬೇಡಿ, ವಿಷದ ಗಾಳಿ ಏಳುತ್ತದೆ. ಸೋಪ್ ನೀರಲ್ಲಿ ತೊಳೆದು, ಕವುಚಿ ಬಿಸಿಲಿಗಿಡಿ. ಪೂರ್ತಿ ಒಣಗದೆ ಪ್ರೈಮರ್ ಮುಟ್ಟಬೇಡಿ.

ಮಲ್ಪೆ_ಮನೆ:
ಅಯ್ಯೋ, ಅವರು ಆಗಲೇ ಹುಣಸೆ ನೆನೆಸಿಟ್ಟಿದ್ದಾರೆ. ಅದು ಬಂಗುಡೆ ಸಾರಿಗೇ ಹೋಗಲಿ.