ಎರಡು ಕಂಟ್ರೋಲರ್, ಎರಡು ಸ್ವಿಚ್: ಸ್ಟೋರೇಜ್ ಕೇಬಲ್‌ಗಳನ್ನು ಹೇಗೆ ಹಂಚಬೇಕು?

ಪ್ರಶ್ನೆ:
ನಮ್ಮ ಐಸ್ಕಸಿ (ನೆಟ್‌ವರ್ಕ್ ಮೂಲಕ ಡಿಸ್ಕ್ ಒದಗಿಸುವ ವಿಧಾನ) ಸ್ಟೋರೇಜ್‌ನಲ್ಲಿ ಎ ಮತ್ತು ಬಿ ಎಂಬ ಎರಡು ಕಂಟ್ರೋಲರ್‌ಗಳಿದ್ದು, ಪ್ರತಿಯೊಂದಕ್ಕೂ 10 ಗಿಗಾಬಿಟ್‌ನ ಎರಡು ಪೋರ್ಟ್‌ಗಳಿವೆ. ಎ ಕಂಟ್ರೋಲರ್‌ನ ಎರಡೂ ಕೇಬಲ್‌ಗಳು ಮೊದಲನೆಯ ಸ್ವಿಚ್ಚಿಗೆ, ಬಿ ಕಂಟ್ರೋಲರ್‌ನವು ಎರಡನೆಯದಕ್ಕೆ ಹೋಗಿವೆ. ಲಿನಕ್ಸ್ ಸರ್ವರ್‌ಗಳಿಂದ ಎರಡೂ ಸ್ವಿಚ್ಚುಗಳಿಗೆ ಒಂದೊಂದು ಕೇಬಲ್ ಇದೆ. ಐಪಿ ವಿಳಾಸಗಳೆಲ್ಲ ಒಂದೇ ಸಬ್‌ನೆಟ್‌ನಲ್ಲಿ, ಅಂದರೆ ಒಂದೇ ವಿಳಾಸ-ಗುಂಪಿನಲ್ಲಿ, ಇವೆ. ಫರ್ಮ್‌ವೇರ್ ಹಾಕಲೆಂದು ಮೊದಲನೆಯ ಸ್ವಿಚ್ಚನ್ನು ರೀಸ್ಟಾರ್ಟ್ ಮಾಡಿದಾಗ ಡಿಸ್ಕಿನ ಓದು-ಬರಹವೆಲ್ಲ ಸುಮಾರು ಎರಡು ನಿಮಿಷ ನಿಂತು, ಆಮೇಲೆ ತಾನಾಗಿಯೇ ಮುಂದುವರಿಯಿತು. ಎಲ್ಲವೂ ಎರಡೆರಡು ಇದ್ದರೂ ಹೀಗಾದದ್ದೇಕೆ? ಹಲವು ಕೇಬಲ್‌ಗಳನ್ನು ಒಂದೇ ಕೊಂಡಿಯಂತೆ ಬಳಸುವ ಎಲ್‌ಎಸಿಪಿಯಿಂದ ಪೋರ್ಟ್‌ಗಳನ್ನು ಒಗ್ಗೂಡಿಸಿದರೆ ಸರಿಹೋದೀತೇ?

ಉತ್ತರ 1:
ನಿಮ್ಮ ಜೋಡಣೆಯಲ್ಲಿ ಸ್ವಿಚ್ ಹೋದರೆ ಅದರ ಜೊತೆಗೆ ಆರೋಗ್ಯವಾಗಿರುವ ಒಂದು ಕಂಟ್ರೋಲರ್ ಕೂಡ ಕೈತಪ್ಪುತ್ತದೆ. ಅಂದರೆ ಒಂದು ದೋಷಕ್ಕೆ ನೀವು ಎರಡು ನಷ್ಟ ತೆರುತ್ತಿದ್ದೀರಿ. ಪ್ರತಿ ಕಂಟ್ರೋಲರ್‌ನ ಒಂದು ಪೋರ್ಟ್ ಮೊದಲ ಸ್ವಿಚ್ಚಿಗೂ ಇನ್ನೊಂದು ಎರಡನೆಯದಕ್ಕೂ ಹೋಗಬೇಕು. ಆಗ ಸ್ವಿಚ್ ಸತ್ತರೂ ಲನ್ (ಸರ್ವರ್‌ಗೆ ಒಂದು ಡಿಸ್ಕಿನಂತೆ ಕಾಣುವ ಸ್ಟೋರೇಜ್‌ನ ಭಾಗ) ತನ್ನ ಕಂಟ್ರೋಲರ್‌ನಲ್ಲೇ ಉಳಿಯುತ್ತದೆ. ಸ್ವಿಚ್ಚಿಗೊಂದರಂತೆ ಎರಡು ಪ್ರತ್ಯೇಕ ಸಬ್‌ನೆಟ್ ಮಾಡಿ. ಒಂದೇ ಸಬ್‌ನೆಟ್‌ನಲ್ಲಿ ಎರಡು ನೆಟ್‌ವರ್ಕ್ ಕಾರ್ಡ್‌ಗಳಿದ್ದರೆ ಲಿನಕ್ಸ್ ಎರಡರ ದಟ್ಟಣೆಯನ್ನೂ ಒಂದೇ ಕಾರ್ಡಿನಿಂದ ಕಳಿಸಿಬಿಡುವ ಸಂಭವವಿದೆ. ಎಲ್‌ಎಸಿಪಿ ಬೇಡ. ದಾರಿ ಆರಿಸುವುದು ಮಲ್ಟಿಪಾತ್‌ನ (ಒಂದೇ ಡಿಸ್ಕಿಗಿರುವ ಹಲವು ದಾರಿಗಳನ್ನು ನಿಭಾಯಿಸುವ ಸರ್ವರ್‌ನ ತಂತ್ರಾಂಶ) ಕೆಲಸ, ಅದಕ್ಕೆ ದಾರಿಗಳು ಬೇರೆಬೇರೆಯಾಗಿ ಕಾಣಿಸಬೇಕು.

ಉತ್ತರ 2:
ಮೇಲಿನ ಮಾತು ಸರಿ, ಆದರೆ ಆ ಎರಡು ನಿಮಿಷ ಕೇಬಲ್‌ನಿಂದ ಬಂದದ್ದಲ್ಲ. ಲಿನಕ್ಸ್‌ನ ಐಸ್ಕಸಿ ಇನಿಶಿಯೇಟರ್ (ಸರ್ವರ್ ಕಡೆಯಿಂದ ಸಂಪರ್ಕ ಬೆಳೆಸುವ ತಂತ್ರಾಂಶ) ಕಡಿದುಹೋದ ಸೆಷನ್ ಮರಳಿ ಬರಲೆಂದು ರೀಪ್ಲೇಸ್‌ಮೆಂಟ್ ಟೈಮ್‌ಔಟ್ ಎಂಬ ಅವಧಿಯವರೆಗೆ ಕಾಯುತ್ತದೆ, ನಾವು ಬದಲಿಸದಿದ್ದರೆ ಅದು 120 ಸೆಕೆಂಡು. ಅಷ್ಟು ಹೊತ್ತು ದೋಷದ ಸುದ್ದಿ ಮಲ್ಟಿಪಾತ್‌ಗೆ ತಲುಪುವುದೇ ಇಲ್ಲ. ಮಲ್ಟಿಪಾತ್ ಇರುವಲ್ಲಿ ಅದನ್ನು 5 ಸೆಕೆಂಡಿನ ಆಸುಪಾಸಿಗೆ ಇಳಿಸುವುದು ರೂಢಿ. ಮುಖ್ಯ ಸಂರಚನಾ ಕಡತದಲ್ಲಿ ಬದಲಿಸಿದ್ದು ಮುಂದೆ ಪತ್ತೆಯಾಗುವ ಟಾರ್ಗೆಟ್‌ಗಳಿಗಷ್ಟೇ (ಸ್ಟೋರೇಜ್ ಕಡೆಯ ತುದಿಗಳು) ಅನ್ವಯಿಸುವುದರಿಂದ, ಅವುಗಳ ಬಗ್ಗೆ ಸರ್ವರ್‌ನಲ್ಲಿ ಈಗಾಗಲೇ ಇರುವ ನೋಡ್ ದಾಖಲೆಗಳನ್ನೂ ತಿದ್ದಿ ಮತ್ತೆ ಲಾಗಿನ್ ಮಾಡಬೇಕು. ನಾನು ಒಮ್ಮೆ ಇದನ್ನು ಮರೆತು ಅರ್ಧ ದಿನ ಸ್ವಿಚ್ಚನ್ನೇ ಶಂಕಿಸಿದ್ದೆ.

ಕೇಬಲ್ ಬದಲಿಸುವಾಗ ಒಂದೊಂದೇ ಕಿತ್ತು ಹಾಕಿ: ಮೊದಲು ಬಿ ಕಂಟ್ರೋಲರ್‌ನ ಒಂದು ಕೇಬಲ್ಲನ್ನು ಮೊದಲ ಸ್ವಿಚ್ಚಿಗೆ ತಂದು, ವಿಳಾಸ ಬದಲಿಸಿ, ದಾರಿ ಜೀವಂತವಾಗಿದೆಯೆಂದು ಮಲ್ಟಿಪಾತ್ ಪಟ್ಟಿಯಲ್ಲಿ ಕಂಡ ಮೇಲೆಯೇ ಎ ಕಂಟ್ರೋಲರ್‌ನದನ್ನು ಮುಟ್ಟಿ.

ಪ್ರಶ್ನೆ ಕೇಳಿದವರು:
ಹಾಗೆಯೇ ಮಾಡಿದೆ. ಈಗ ಪ್ರತಿ ಲನ್‌ಗೆ ನಾಲ್ಕು ದಾರಿಗಳು ಕಾಣುತ್ತಿವೆ, ಆದರೆ ಎರಡಕ್ಕೆ ಮಾತ್ರ ಹೆಚ್ಚಿನ ಆದ್ಯತೆಯಿದೆ. ಅಲ್ಲದೆ ಎರಡನೆಯ ಸ್ವಿಚ್ಚಿನ ಮೂಲಕ ದೊಡ್ಡ ಬರಹಗಳು ತಡವರಿಸುತ್ತಿವೆ.

ಉತ್ತರ 1:
ಆದ್ಯತೆ ಹಾಗಿರುವುದೇ ಸರಿ: ಲನ್‌ನ ಒಡೆತನವಿರುವ ಕಂಟ್ರೋಲರ್‌ನ ಎರಡು ದಾರಿಗಳು ಮೇಲು, ಉಳಿದವು ಆಪತ್ಕಾಲಕ್ಕೆ. ತಡವರಿಕೆಗೆ ಎಂಟಿಯು, ಅಂದರೆ ಒಂದು ಫ್ರೇಮ್‌ನಲ್ಲಿ (ಒಮ್ಮೆಗೆ ಕಳಿಸುವ ಮಾಹಿತಿಯ ಕಟ್ಟು) ಹೋಗಬಹುದಾದ ಗರಿಷ್ಠ ಬೈಟ್‌ಗಳ ಮಿತಿ, ನೋಡಿ. ಸರ್ವರ್ ಮತ್ತು ಸ್ಟೋರೇಜ್‌ನಲ್ಲಿ 9000 ಇಟ್ಟು ನಡುವಿನ ಸ್ವಿಚ್ಚನ್ನು 1500ರಲ್ಲೇ ಬಿಟ್ಟರೆ ಪುಟ್ಟ ಪಿಂಗ್ ಸಲೀಸಾಗಿ ಹೋಗುತ್ತದೆ, ದೊಡ್ಡ ಫ್ರೇಮ್ ಸದ್ದಿಲ್ಲದೆ ಬೀಳುತ್ತದೆ. ತುಂಡರಿಸುವುದನ್ನು ತಡೆದು 8972 ಬೈಟ್‌ಗಳ ಪಿಂಗ್ ಕಳಿಸಿ. ಐಪಿ ಮತ್ತು ಐಸಿಎಂಪಿ ಹೆಡರ್‌ಗಳ 28 ಬೈಟ್ ಸೇರಿದರೆ ಸರಿಯಾಗಿ 9000 ಆಗುತ್ತದೆ.

ಪ್ರಶ್ನೆ ಕೇಳಿದವರು:
ಎರಡನೆಯ ಸ್ವಿಚ್ಚಿನಲ್ಲಿ 1500 ಇತ್ತು. ಸರಿಪಡಿಸಿ ಮೊದಲನೆಯ ಸ್ವಿಚ್ಚನ್ನು ಬೇಕೆಂದೇ ಬಂದ್ ಮಾಡಿದೆ. ಬರಹ ಕೆಲವೇ ಸೆಕೆಂಡು ತಡೆದು ಮುಂದುವರಿಯಿತು.