ಪ್ರತಿ ಬೇಸಿಗೆಗೂ ಗ್ಯಾಸ್ ತುಂಬಿಸಬೇಕಾ? ಹಳೆಯ ಮನೆಯ ಎಸಿ ಬಗ್ಗೆ ಪ್ರಶ್ನೋತ್ತರ

ಪ್ರಶ್ನೆ: ಸರ್, ನಮ್ಮದು ಊರಾಚೆ ಬಡಾವಣೆಯ ಹಳೆಯ ಮನೆ. ಕಟ್ಟಿ 40 ವರ್ಷ ಆಗಿದೆ. ಮಲಗುವ ಕೋಣೆಯಲ್ಲಿ ಒಂದೂವರೆ ಟನ್ನಿನ ಸ್ಪ್ಲಿಟ್ ಎಸಿ ಇದೆ, ಅದಕ್ಕೆ 9 ವರ್ಷ. ಮೂರು ವರ್ಷದಿಂದ ಒಂದೇ ಕಥೆ. ಬೇಸಿಗೆ ಶುರುವಾದಾಗ ತಣ್ಣಗಾಗುವುದಿಲ್ಲ, ಮೆಕ್ಯಾನಿಕ್ ಬಂದು ಗ್ಯಾಸ್ ಖಾಲಿಯಾಗಿದೆ ಅಂತ ತುಂಬಿಸಿ ಹೋಗುತ್ತಾರೆ. ಮೂರ್ನಾಲ್ಕು ತಿಂಗಳು ಚೆನ್ನಾಗಿರುತ್ತದೆ, ಆಮೇಲೆ ಮತ್ತೆ ಮೊದಲಿನ ಹಾಗೆ. ಈ ಸಲ ಒಳಗಿನ ಕಾಯಿಲ್, ಅಂದರೆ ಗ್ಯಾಸ್ ಓಡಾಡುವ ಪೈಪಿನ ಸುರುಳಿಯ ಮೇಲೆ ಐಸ್ ಕೂಡ ಕಟ್ಟುತ್ತಿದೆ. ಎಸಿ ಹಳೆಯದಾದರೆ ಗ್ಯಾಸ್ ಹೀಗೆ ಖರ್ಚಾಗುತ್ತಾ? ಹೊಸದೇ ತಗೊಳ್ಳಬೇಕಾ?

ಉತ್ತರ: ಮೇಡಂ, ಗ್ಯಾಸ್ ಖರ್ಚಾಗುವುದಿಲ್ಲ. ಎಸಿಯಲ್ಲಿ ಅದು ಮುಚ್ಚಿದ ಪೈಪಿನೊಳಗೆ ಸುತ್ತುತ್ತಲೇ ಇರುತ್ತದೆ. ಒಳಗಿನ ಕಾಯಿಲಿನಲ್ಲಿ ಆವಿಯಾಗಿ ಕೋಣೆಯ ಶಾಖ ಎತ್ತಿಕೊಳ್ಳುತ್ತದೆ, ಹೊರಗಿನ ಕಾಯಿಲಿನಲ್ಲಿ ಮತ್ತೆ ದ್ರವವಾಗಿ ಆ ಶಾಖ ಬಿಟ್ಟುಬಿಡುತ್ತದೆ. 9 ವರ್ಷ ಅಲ್ಲ, 20 ವರ್ಷ ಆದರೂ ಮೊದಲು ಹಾಕಿದ ಗ್ಯಾಸೇ ಇರಬೇಕು. ಕಡಿಮೆಯಾಗಿದೆ ಅಂದರೆ ಎಲ್ಲೋ ಸೋರುತ್ತಿದೆ. ಸೋರುವ ಜಾಗ ಹುಡುಕದೆ ಮೂರು ಸಲ ತುಂಬಿಸಿದ್ದಾರೆ ಅಂತ ಓದಿ ನನಗೆ ನಿಜಕ್ಕೂ ಬೇಸರವಾಯಿತು.

ಆದರೆ ಐಸ್ ಕಟ್ಟಿದ ಮಾತ್ರಕ್ಕೆ ಗ್ಯಾಸ್ ಕಡಿಮೆ ಅಂತಲೂ ಹೇಳಲಾಗದು. ಗಾಳಿ ಸರಿಯಾಗಿ ಓಡಾಡದಿದ್ದರೂ ಐಸ್ ಕಟ್ಟುತ್ತದೆ. ಯಾವುದು ಕಾರಣ ಅಂತ ನೀವೇ ಅರ್ಧ ಕಂಡುಹಿಡಿಯಬಹುದು. ಕೂಲ್ ಮೋಡ್ ನಿಲ್ಲಿಸಿ, ಬರೀ ಫ್ಯಾನ್ ಮೋಡಿನಲ್ಲಿ ಒಂದೆರಡು ಗಂಟೆ ಓಡಿಸಿ ಐಸ್ ಪೂರ್ತಿ ಕರಗಲು ಬಿಡಿ. ಚಾಕು, ಸ್ಕ್ರೂಡ್ರೈವರ್ ಹಾಕಿ ಕೆರೆಯಬೇಡಿ, ಕಾಯಿಲ್ ತೂತಾದರೆ ಇರುವ ಗ್ಯಾಸೂ ಹೋಗುತ್ತದೆ. ಆಮೇಲೆ ಮೇನ್ ಸ್ವಿಚ್ ಆಫ್ ಮಾಡಿ ಫಿಲ್ಟರ್ ತೆಗೆದು ತೊಳೆಯಿರಿ, ನೆರಳಿನಲ್ಲಿ ಒಣಗಿಸಿ ಹಾಕಿ. ಟಾರ್ಚ್ ಹಿಡಿದು ಒಳಗಿನ ಬ್ಲೋವರ್ ನೋಡಿ. ಉರುಳೆಯ ಹಾಗಿರುತ್ತದಲ್ಲ, ಅದು. ಅದರ ಎಲೆಗಳ ಮೇಲೆ ಕಪ್ಪು ಧೂಳು ಮೆತ್ತಿದ್ದರೆ ಫಿಲ್ಟರ್ ಎಷ್ಟು ತೊಳೆದರೂ ಗಾಳಿ ಬರುವುದಿಲ್ಲ. ಬಹಳ ಮನೆಗಳಲ್ಲಿ ಇದನ್ನು ಯಾರೂ ನೋಡುವುದೇ ಇಲ್ಲ.

ಈಗ ಕೂಲ್ ಮೋಡಿನಲ್ಲಿ 20 ನಿಮಿಷ ಓಡಿಸಿ. ಸಾಮಾನ್ಯ ಥರ್ಮಾಮೀಟರ್ ಸಾಕು. ಮೇಲೆ ಗಾಳಿ ಒಳಗೆ ಎಳೆಯುವ ಕಡೆ ಒಮ್ಮೆ ನೋಡಿ, ಕೆಳಗೆ ಗಾಳಿ ಬರುವ ಕಡೆ ಒಮ್ಮೆ ನೋಡಿ. ಎರಡರ ನಡುವೆ 8ರಿಂದ 12 ಡಿಗ್ರಿ ಸೆಲ್ಸಿಯಸ್ ವ್ಯತ್ಯಾಸ ಇದ್ದರೆ ಎಸಿ ತನ್ನ ಕೆಲಸ ಮಾಡುತ್ತಿದೆ. ನಾಲ್ಕೈದು ಡಿಗ್ರಿ ಮಾತ್ರ ಇದ್ದು, ಹೊರಗಿನ ಯೂನಿಟ್ಟಿನ ಹತ್ತಿರ ಸಣ್ಣ ಪೈಪಿನ ಮೇಲೆ ಬಿಳಿ ಹಿಮ ಕಂಡರೆ ಗ್ಯಾಸ್ ಕಡಿಮೆಯಾಗಿರುವ ಸಾಧ್ಯತೆ ಜಾಸ್ತಿ. ಆಗ ಆ ಪೈಪುಗಳ ನಟ್ ಸುತ್ತ ಬಟ್ಟೆ ಹಾಕಿ ಒರೆಸಿ ನೋಡಿ. ಗ್ಯಾಸಿನ ಜೊತೆ ಕಂಪ್ರೆಸರಿನ (ಗ್ಯಾಸನ್ನು ಒತ್ತಿ ಸುತ್ತಿಸುವ ಯಂತ್ರದ) ಎಣ್ಣೆಯೂ ಸುತ್ತುತ್ತದೆ. ಗ್ಯಾಸ್ ಸೋರಿದ ಕಡೆ ಎಣ್ಣೆ ಜಿನುಗಿ ಧೂಳು ಹಿಡಿದಿರುತ್ತದೆ. ಏನು ಕಂಡಿತು ಅಂತ ಇಲ್ಲೇ ಬರೆಯಿರಿ. ಅಲ್ಲಿಯವರೆಗೆ ಹೊಸ ಎಸಿ ಯೋಚನೆ ಬೇಡ.

ಇನ್ನೊಬ್ಬರ ಪ್ರಶ್ನೆ: ಸರ್, ನಮ್ಮದೂ ಹಳೆಯ ಮನೆ. ಎಸಿ ಶುರುವಾದಾಗ ಲೈಟೆಲ್ಲ ಒಂದು ಕ್ಷಣ ಮಂಕಾಗುತ್ತದೆ. ಅರ್ಧ ಗಂಟೆ ಓಡಿದ ಮೇಲೆ ಪ್ಲಗ್ ಮುಟ್ಟಿದರೆ ಬಿಸಿ. ಸ್ಟೆಬಿಲೈಸರ್ ಹಾಕಿಸಿದರೆ ಸರಿ ಹೋಗುತ್ತಾ?

ಉತ್ತರ: ಹೋಗುವುದಿಲ್ಲ. ದಯವಿಟ್ಟು ಇವತ್ತಿನಿಂದಲೇ ಆ ಎಸಿ ನಿಲ್ಲಿಸಿ. ಲೈಟ್ ಮಂಕಾಗುವುದಕ್ಕಿಂತ ಪ್ಲಗ್ ಬಿಸಿಯಾಗುವುದು ದೊಡ್ಡ ವಿಷಯ. ಬೆಂಕಿ ಹೊತ್ತಿಕೊಳ್ಳುವುದು ಹೀಗೇ.

ಆ ಮನೆ ಕಟ್ಟಿದಾಗ ಲೈಟು, ಫ್ಯಾನು, ರೇಡಿಯೋ ಲೆಕ್ಕಕ್ಕೆ ತಂತಿ ಎಳೆದಿರುತ್ತಾರೆ. ಒಂದೂವರೆ ಟನ್ನಿನ ಮಾಮೂಲಿ ಎಸಿ 230 ವೋಲ್ಟಿನಲ್ಲಿ ಸುಮಾರು 7ರಿಂದ 8 ಆಂಪಿಯರ್ ಎಳೆಯುತ್ತದೆ, ಅದೂ ರಾತ್ರಿಯಿಡೀ. ಇನ್ವರ್ಟರ್ ಅಲ್ಲದ, ಅಂದರೆ ವೇಗ ತಾನೇ ಹೆಚ್ಚು ಕಡಿಮೆ ಮಾಡಿಕೊಳ್ಳದ ಎಸಿ ಶುರುವಾಗುವ ಕ್ಷಣದಲ್ಲಿ ಅದರ ನಾಲ್ಕೈದು ಪಟ್ಟು ಎಳೆಯಬಹುದು. ಸಣ್ಣ ತಂತಿ, ಸಡಿಲ ಸ್ಕ್ರೂ, ಅಲ್ಯುಮಿನಿಯಂ ತಂತಿಗೆ ತಾಮ್ರ ಸುತ್ತಿದ ಜಾಯಿಂಟ್, ಇವೆಲ್ಲ ಅಲ್ಲಿ ಬಿಸಿಯಾಗುತ್ತವೆ. ಟೇಪ್ ಸುತ್ತಿ ಮುಚ್ಚಿಟ್ಟ ಜಾಯಿಂಟ್ ತೆಗೆದು ನೋಡಿದಾಗ ಒಳಗೆ ಸುಟ್ಟು ಕರಿಯಾಗಿರುವುದನ್ನು ಎಷ್ಟೋ ಸಲ ಕಂಡಿದ್ದೇನೆ. ಮನೆಯವರಿಗೆ ಗೊತ್ತೇ ಇರುವುದಿಲ್ಲ.

ಎಸಿಗೆ ಮೇನ್ ಬೋರ್ಡಿನಿಂದ ಬೇರೆಯೇ ಲೈನ್ ಬೇಕು. ಸಾಮಾನ್ಯವಾಗಿ 4 ಸ್ಕ್ವೇರ್ ಎಂಎಂ ತಾಮ್ರದ ತಂತಿ, ಅದಕ್ಕೇ ಒಂದು ಎಂಸಿಬಿ (ಕರೆಂಟ್ ಜಾಸ್ತಿಯಾದರೆ ತಾನೇ ಬೀಳುವ ಸ್ವಿಚ್), ಸರಿಯಾದ ಅರ್ತಿಂಗ್. ಹಳೆಯ ಮನೆಯಲ್ಲಿ ಅರ್ತ್ ತಂತಿ ಸಾಕೆಟ್‌ವರೆಗೆ ಬಂದೇ ಇರುವುದಿಲ್ಲ, ಮೂರನೇ ತೂತು ಸುಮ್ನೆ ಇರುತ್ತದೆ. ಅದನ್ನು ಎಲೆಕ್ಟ್ರಿಷಿಯನ್ ಹತ್ತಿರ ಮೀಟರ್ ಇಟ್ಟು ಪರೀಕ್ಷೆ ಮಾಡಿಸಿ. ಎಂಸಿಬಿ ಪದೇ ಪದೇ ಬೀಳುತ್ತದೆ ಅಂತ ದೊಡ್ಡ ಎಂಸಿಬಿ ಹಾಕಿಸಬೇಡಿ. ಎಂಸಿಬಿ ಇರುವುದೇ ತಂತಿಯನ್ನು ಕಾಪಾಡಲು. ತಂತಿ ಹಳೆಯದೇ ಇಟ್ಟು ಎಂಸಿಬಿ ದೊಡ್ಡದು ಮಾಡಿದರೆ ಮುಂದಿನ ಸಲ ತಂತಿಯೇ ಸುಡುತ್ತದೆ.

ಲೈನ್ ಸರಿ ಮಾಡಿಸಿದ ಮೇಲೂ ಹೊರಗಿನ ಯೂನಿಟ್ ಗುಂಯ್ ಅಂತ ಸದ್ದು ಮಾಡಿ, ಶುರುವಾಗದೆ ನಿಂತರೆ ಕೆಪಾಸಿಟರ್, ಅಂದರೆ ಮೋಟಾರ್ ಶುರುವಾಗಲು ನೂಕು ಕೊಡುವ ಭಾಗ, ದುರ್ಬಲವಾಗಿರಬಹುದು. ಅದು ಸಣ್ಣ ಖರ್ಚಿನ ಭಾಗ. ಆದರೆ ನೀವಾಗಿ ಮುಚ್ಚಳ ಬಿಚ್ಚಬೇಡಿ. ಕರೆಂಟ್ ತೆಗೆದ ಮೇಲೂ ಕೆಪಾಸಿಟರಿನಲ್ಲಿ ಚಾರ್ಜ್ ಉಳಿದಿರುತ್ತದೆ, ಮುಟ್ಟಿದರೆ ಹೊಡೆಯುತ್ತದೆ.

ಮತ್ತೊಬ್ಬರ ಪ್ರಶ್ನೆ: ಎಸಿಯಿಂದ ಗೋಡೆ ಮೇಲೆ ನೀರು ಇಳಿಯುತ್ತಿದೆ, ಸುಣ್ಣ ಉಬ್ಬಿದೆ. ಇದೂ ಗ್ಯಾಸ್ ತೊಂದರೆನಾ?

ಉತ್ತರ: ಹೆಚ್ಚಾಗಿ ಅಲ್ಲ, ಡ್ರೈನ್ ಪೈಪ್ ಕಟ್ಟಿಕೊಂಡಿರಬೇಕು. ತಣ್ಣಗಿನ ಕಾಯಿಲಿಗೆ ತಾಗಿ ಗಾಳಿಯ ತೇವ ನೀರಾಗಿ ಟ್ರೇಗೆ ಬೀಳುತ್ತದೆ. ಟ್ರೇಯಲ್ಲಿ ಧೂಳೂ ಪಾಚಿಯೂ ಸೇರಿ ಲೋಳೆ ಆಗುತ್ತದೆ. ಪೈಪಿನ ಹೊರ ತುದಿಯಿಂದ ವ್ಯಾಕ್ಯೂಮ್ ಕ್ಲೀನರ್ ಹಿಡಿದು ಎಳೆದರೆ ಎಷ್ಟೋ ಸಲ ಬಂದುಬಿಡುತ್ತದೆ, ಆದರೆ ನೀರು ಎಳೆಯಬಲ್ಲ ಬಗೆಯದ್ದೇ ಬೇಕು. ಪೈಪ್ ಎಲ್ಲೂ ಮೇಲಕ್ಕೆ ಏರದೆ ಕೆಳಗೇ ಇಳಿಯುತ್ತಿದೆಯಾ, ತುದಿ ಬಕೆಟ್ ನೀರಿನಲ್ಲಿ ಮುಳುಗಿದೆಯಾ ಅಂತಲೂ ನೋಡಿ.

ಅದೇ ಸದಸ್ಯರು: ಇನ್ನೊಂದು ಸರ್. ಬೇಗ ತಣ್ಣಗಾಗಲಿ ಅಂತ 16ಕ್ಕೆ ಇಡುತ್ತೇವೆ. ಆದರೂ ಮಧ್ಯಾಹ್ನ ತಣ್ಣಗಾಗುವುದೇ ಇಲ್ಲ.

ಉತ್ತರ: 16ಕ್ಕೆ ಇಟ್ಟರೆ ಮಾಮೂಲಿ ಎಸಿ ಬೇಗ ತಣ್ಣಗೆ ಮಾಡುವುದಿಲ್ಲ, ನಿಲ್ಲದೆ ಓಡುತ್ತದೆ ಅಷ್ಟೇ. 24, 25ಕ್ಕೆ ಇಟ್ಟು ಸೀಲಿಂಗ್ ಫ್ಯಾನ್ ನಿಧಾನಕ್ಕೆ ಹಾಕಿ. ಹಳೆಯ ಮನೆಗಳಲ್ಲಿ ಎಸಿಗಿಂತ ಮನೆಯನ್ನೇ ಮೊದಲು ನೋಡಬೇಕು ಅಂತ ನನಗೆ ಬಲವಾಗಿ ಅನಿಸುತ್ತದೆ. ಮರದ ಕಿಟಕಿ ಸೊಟ್ಟಗಾಗಿ ಬೆರಳು ತೂರುವಷ್ಟು ಸಂದಿ ಇರುತ್ತದೆ, ಮೇಲೆ ಗವಾಕ್ಷಿ ತೆರೆದೇ ಇರುತ್ತದೆ, ಬಾಗಿಲ ಕೆಳಗೆ ಗಾಳಿ ಆಡುತ್ತದೆ. ಕಾಯ್ದ ತಾರಸಿ ರಾತ್ರಿ ಹತ್ತರವರೆಗೂ ಶಾಖ ಬಿಡುತ್ತಿರುತ್ತದೆ. ಸಂದಿಗೆ ರಬ್ಬರ್ ಪಟ್ಟಿ, ಪಶ್ಚಿಮದ ಕಿಟಕಿಗೆ ಹೊರಗಿನಿಂದ ನೆರಳು, ತಾರಸಿಗೆ ಬಿಳಿ ಬಣ್ಣ, ಇಷ್ಟು ಮಾಡಿಸಿ ಒಂದು ವಾರ ನೋಡಿ.

ಮೊದಲು ಕೇಳಿದವರು: ಸರ್, ನೀವು ಹೇಳಿದ ಹಾಗೆ ಮಾಡಿದೆ. ಫಿಲ್ಟರ್ ತೊಳೆದ ಮೇಲೂ ವ್ಯತ್ಯಾಸ 5 ಡಿಗ್ರಿ ಮಾತ್ರ. ಹೊರಗಿನ ದಪ್ಪ ಪೈಪಿನ ನಟ್ ಹತ್ತಿರ ಬಟ್ಟೆಗೆ ಕಪ್ಪು ಎಣ್ಣೆ ಹತ್ತಿತು. ಸೋಪಿನ ನೊರೆ ಹಚ್ಚಿದರೆ ಸಣ್ಣ ಗುಳ್ಳೆ ಬರುತ್ತಿದೆ! ಎಸಿಯ ಪ್ಲೇಟಿನ ಮೇಲೆ ಗ್ಯಾಸಿನ ಹೆಸರು ಆರ್22 ಅಂತ ಇದೆ. ಮೆಕ್ಯಾನಿಕ್ ಅದರ ಬದಲು ಆರ್32 ಗ್ಯಾಸ್ ಹಾಕಿದರೆ ಒಳ್ಳೆಯದು ಅನ್ನುತ್ತಾರೆ.

ಉತ್ತರ: ತುಂಬಾ ಚೆನ್ನಾಗಿ ನೋಡಿದ್ದೀರಿ ಮೇಡಂ. ಮೂರು ವರ್ಷದ ತೊಂದರೆ ಆ ನಟ್ಟಿನಲ್ಲಿದೆ. ಕಾಯಿಲ್ ತೂತಾಗಿದ್ದರೆ ನಾನೇ ಹೊಸ ಎಸಿ ತಗೊಳ್ಳಿ ಅನ್ನುತ್ತಿದ್ದೆ, ಇದು ಹಾಗಲ್ಲ.

ಆರ್32 ಬೇಡವೇ ಬೇಡ. ಆರ್22 ಓಜೋನ್ ಪದರಕ್ಕೆ ಹಾನಿ ಮಾಡುತ್ತದೆ ಅಂತ 1987ರ ಮಾಂಟ್ರಿಯಲ್ ಒಪ್ಪಂದದ ದಾರಿಯಲ್ಲಿ ಅದನ್ನು ಎಲ್ಲ ಕಡೆ ಕಡಿಮೆ ಮಾಡುತ್ತಾ ಬಂದಿದ್ದಾರೆ, ನಿಜ. ಅದಕ್ಕೇ ಹೊಸ ಎಸಿಗಳಲ್ಲಿ ಆರ್32 ಬಂತು. ಆದರೆ ಅದರ ಒತ್ತಡ ಆರ್22ಕ್ಕಿಂತ ಬಹಳ ಜಾಸ್ತಿ, ಬೇಕಾದ ಎಣ್ಣೆ ಬೇರೆ, ಸ್ವಲ್ಪ ಮಟ್ಟಿಗೆ ಹೊತ್ತಿಕೊಳ್ಳುವ ಗುಣವೂ ಇದೆ. ನಿಮ್ಮ ಎಸಿಯನ್ನು ಅದಕ್ಕಾಗಿ ಮಾಡಿಲ್ಲ. ಪ್ಲೇಟಿನ ಮೇಲೆ ಏನಿದೆಯೋ ಅದನ್ನೇ ಹಾಕಿಸಿ.

ಇರುವ ಗ್ಯಾಸನ್ನು ಗಾಳಿಗೆ ಬಿಡದೆ ಸಿಲಿಂಡರಿಗೆ ಎಳೆದುಕೊಳ್ಳಲು ಹೇಳಿ. ಆಮೇಲೆ ಪೈಪಿನ ತುದಿ ಕತ್ತರಿಸಿ ಹೊಸದಾಗಿ ಫ್ಲೇರ್ ಮಾಡಿ, ಅಂದರೆ ತುದಿಯನ್ನು ಕೊಳವೆಬಾಯಿಯ ಹಾಗೆ ಅಗಲಿಸಿ, ನಟ್ ಕೂರಿಸಲಿ. ಹಳೆಯ ನಟ್ಟನ್ನೇ ಇನ್ನಷ್ಟು ಬಿಗಿ ಮಾಡಿದರೆ ಪೈಪ್ ಸೀಳಬಹುದು. ನೈಟ್ರೋಜನ್ ತುಂಬಿ ಒತ್ತಡ ಇಳಿಯುತ್ತಾ ಅಂತ ಪರೀಕ್ಷೆ ಮಾಡಲಿ. ಅದಕ್ಕೆ ಆಕ್ಸಿಜನ್ ಸಿಲಿಂಡರ್ ತಂದರೆ ಬಾಗಿಲಲ್ಲೇ ತಡೆಯಿರಿ, ಎಣ್ಣೆ ಜೊತೆ ಸೇರಿದರೆ ಸ್ಫೋಟವಾಗುತ್ತದೆ. ನಂತರ ವ್ಯಾಕ್ಯೂಮ್ ಪಂಪ್ ಹಾಕಿ ಪೈಪಿನೊಳಗಿನ ಗಾಳಿ, ತೇವ ಎಳೆದು ಒತ್ತಡವನ್ನು 500 ಮೈಕ್ರಾನಿಗೆ (ನಿರ್ವಾತದ ಅಳತೆ) ಇಳಿಸಿ, ಪಂಪ್ ನಿಲ್ಲಿಸಿದ ಮೇಲೂ ಅದು ನಿಲ್ಲುತ್ತದಾ ನೋಡಬೇಕು. ಕೊನೆಗೆ ಪ್ಲೇಟಿನಲ್ಲಿ ಬರೆದಷ್ಟು ಗ್ಯಾಸ್, ಅಂದಾಜಿನಲ್ಲಿ ಅಲ್ಲ, ತೂಕ ಮಾಡಿ. ಬರುವಾಗ ತಕ್ಕಡಿಯೂ ಪಂಪೂ ತರುತ್ತೀರಾ ಅಂತ ಫೋನಿನಲ್ಲೇ ಕೇಳಿಬಿಡಿ.